ಟವಲ್ಲಿನಡಿ ಕುದುರದ ವ್ಯಾಪಾರ

ನಮ್ಮ ಅಕ್ಕ ಮಸ್ಕತ್ತಿನ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದಳು. ಮದುವೆಯಾಗಿರಲಿಲ್ಲ. ಅಲ್ಲಿ ಹಾಸ್ಟೆಲ್ಲು, ರಜಕ್ಕೆ ಬಂದರೆ ಹೊಳೆನರಸೀಪುರದ ನಮ್ಮ ಮನೆ. ಅವಳ ಸೂಟ್‌ಕೇಸು ಹಜಾರದ ಮಂಚದ ಕೆಳಗಿರುತ್ತಿತ್ತು; ಸೀರೆ ಬೇಕಾದಾಗ ಎಳೆಯುವುದು, ಮತ್ತೆ ತಳ್ಳುವುದು. ಹೊರಡುವ ಹಿಂದಿನ ದಿನ ನನ್ನ ಹೆಂಡತಿ, "ಇನ್ನೆರಡು ದಿನ ಇದ್ದು ಹೋಗಿ ಅತ್ತಿಗೆ" ಎನ್ನುವಳು. ಮನಸ್ಸಿನಿಂದಲೇ ಹೇಳುತ್ತಿದ್ದಳು. ಆದರೂ ಒಂದು ಸಲ ಅಕ್ಕ ಬಸ್‌ಸ್ಟ್ಯಾಂಡಿನಲ್ಲಿ ನನಗೆ, "ಆ ಮಾತನ್ನ ನೆಂಟರಿಗೆ ಹೇಳ್ತಾರೆ ಕಣೋ. ನನಗೊಂದು ಮನೆ ನೋಡು. ಚಿಕ್ಕದಾದರೂ ಪರವಾಗಿಲ್ಲ, ನನ್ನದಾಗಿರಬೇಕು" ಎಂದಳು.

ತೊಂಬತ್ತರ ದಶಕದ ಮಾತು. ದೂರದೇಶದಲ್ಲಿರುವವಳಿಗೆ ಇಲ್ಲಿ ಮನೆ ಕೊಡಿಸುವುದೆಂದರೆ ನನ್ನ ಪಾಲಿಗೆ ಬಂದದ್ದು ಒಬ್ಬ ಬ್ರೋಕರು ಮತ್ತು ಒಂದು ಫೋನ್ ಬೂತು. ಬ್ರೋಕರು ಮೊದಲು ದನದ ದಲ್ಲಾಳಿ. ಸಂತೆಯಲ್ಲಿ ವ್ಯಾಪಾರ ಇಳಿಮುಖವಾದ ಮೇಲೆ ಮನೆಗಳಿಗೆ ಕೈಹಾಕಿದ್ದ. ಕಸುಬು ಬದಲಾದರೂ ಅಭ್ಯಾಸ ಬದಲಾಗಿರಲಿಲ್ಲ. ದನದ ವ್ಯಾಪಾರದಂತೆಯೇ ಇಬ್ಬರ ಕೈ ಸೇರಿಸಿ ಮೇಲೆ ಟವಲ್ ಹೊದಿಸುತ್ತಿದ್ದ. ಬೆಲೆಯನ್ನು ಬಾಯಲ್ಲಿ ಹೇಳುವಂತಿಲ್ಲ, ಬೆರಳು ಅದುಮಿಯೇ ತಿಳಿಸಬೇಕು. ಸುತ್ತ ನಿಂತವರಿಗೆ ಗುಟ್ಟು ಬಿಟ್ಟುಕೊಡಬಾರದೆಂಬುದು ಪದ್ಧತಿ.

ಅಕ್ಕ ಪ್ರತಿ ಶುಕ್ರವಾರ ಬೂತಿಗೆ ಫೋನ್ ಮಾಡುವಳು. ಅಲ್ಲಿಯವರೆಗೆ ನಾನು, "ಅಕ್ಕನ್ನ ಕೇಳಿ ಹೇಳ್ತೀನಿ" ಎಂದು ಟವಲ್ಲಿನಿಂದ ಕೈ ತೆಗೆಯಬೇಕಿತ್ತು. ಶುಕ್ರವಾರ ಅವಳು ಒಪ್ಪುವಷ್ಟರಲ್ಲಿ ಮನೆ ಬೇರೆಯವರ ಪಾಲಾಗಿರುತ್ತಿತ್ತು. ಅರಕಲಗೂಡಿನದು ಹಾಗೆ ಹೋಯಿತು, ಹಾಸನದ್ದೂ ಹೋಯಿತು.

"ಫೋನಲ್ಲಿ ಬೆಳ್ಳು ಇಡ್ಯಾಕಾಯ್ತದಾ ಸಾ? ಕೈ ಬೇಕು, ಕೈ" ಎಂದು ಬ್ರೋಕರು ರೇಗಿದ. ನನಗೂ ಅವನ ಟವಲ್ಲು ಕಂಡರೆ ಮೈ ಉರಿಯುತ್ತಿತ್ತು. ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರಾಗಿದ್ದವನು ನಾನು. ಬೆರಳಿನ ಲೆಕ್ಕ ಕೊನೆಗೂ ತಲೆಗೆ ಹತ್ತಲಿಲ್ಲ.

ಮೂರನೆಯದು ಚನ್ನರಾಯಪಟ್ಟಣದಲ್ಲಿ. ಎರಡು ಕೋಣೆ, ಹಿತ್ತಲಲ್ಲಿ ಒಂದು ನುಗ್ಗೆಮರ. ಮನೆ ಒಬ್ಬ ಅಜ್ಜಿಯದು. ಗಂಡನೂ ಇಲ್ಲ, ಮಕ್ಕಳೂ ಇಲ್ಲ. ಮನೆ ಮಾರಿಸಿ ಅಜ್ಜಿಯನ್ನು ತನ್ನೂರು ಹಳೇಕೋಟೆಗೆ ಕರೆದೊಯ್ಯುತ್ತೇನೆಂದು ಅವಳ ಮೈದುನನ ಮಗ ಓಡಾಡುತ್ತಿದ್ದ. ಅವನ ಬೆರಳು ಒಪ್ಪಿದರೂ ಅಜ್ಜಿಯ ಬಾಯಿ ಒಪ್ಪಲಿಲ್ಲ. ಮೊದಲು ಆಷಾಢ ಕಳೀಲಿ ಅಂದಳು. ಆಷಾಢ ಕಳೆದ ಮೇಲೂ ಅದನ್ನೇ ಅಂದಳು.

"ಅಜ್ಜಿ ಆಟ ಆಡ್ತಾ ಅವ್ಳೆ, ಬುಟ್ಬುಡಿ ಸಾ" ಎಂದ ಬ್ರೋಕರು. ಅಷ್ಟರಲ್ಲಿ ಅಕ್ಕ ರಜಕ್ಕೆ ಬಂದಳು. ಈ ಸಲವೂ ಆಗದಿದ್ದರೆ ಮನೆಯ ಆಸೆಯನ್ನೇ ಬಿಡುತ್ತೇನೆಂದು ನಮ್ಮೆಲ್ಲರೆದುರು ಹೇಳಿಬಿಟ್ಟಳು. ಅವಳನ್ನು ಕರೆದುಕೊಂಡು ಚನ್ನರಾಯಪಟ್ಟಣಕ್ಕೆ ಹೋದೆ.

ಜಗುಲಿಯ ಮೇಲೆ ಬ್ರೋಕರು ನನ್ನ ಕೈಯನ್ನೂ ಮೈದುನನ ಮಗನ ಕೈಯನ್ನೂ ಹಿಡಿದು ಟವಲ್ ಹೊದಿಸಿದ.

"ಮನೆ ಯಾರದು?" ಎಂದಳು ಅಕ್ಕ.

"ದೊಡ್ಡವ್ವಂದು" ಎಂದ ಮೈದುನನ ಮಗ.

"ತಗೊಳ್ಳೋಳು ನಾನು. ಮತ್ತೆ ನಿಮ್ಮಿಬ್ಬರ ಕೈ ಯಾಕೆ?"

ಬ್ರೋಕರು ಗಾಬರಿಯಾದ. "ಎಂಗಸ್ರು ಟವಲ್ಲಿಗೆ ಕೈ ಇಕ್ಕಾಕಿಲ್ಲ ಕಣವ್ವಾ."

"ಟವಲ್ಲು ನೀವೇ ಇಟ್ಕೊಳ್ಳಿ" ಎಂದು ಅಕ್ಕ ಒಳಗೆ ಹೋದಳು. ಅಜ್ಜಿ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಅಕ್ಕ ಪಕ್ಕದಲ್ಲಿ ಕುಳಿತು ಅವಳ ಕೈ ಹಿಡಿದಳು. ಆಸ್ಪತ್ರೆಯ ಅಭ್ಯಾಸವೋ ಏನೋ, ಮೊದಲು ಮುಟ್ಟಿದ್ದು ನಾಡಿಯನ್ನು. ಆಮೇಲೆ ತನ್ನ ಸೆರಗನ್ನು ಇಬ್ಬರ ಕೈಗಳ ಮೇಲೂ ಎಳೆದುಕೊಂಡಳು. ನಾವು ಮೂವರು ಗಂಡಸರು ಬಾಗಿಲಲ್ಲಿ ನಿಂತು ನೋಡಿದೆವು. ಅವರ ಮಾತು ಕೇಳಿಸಲಿಲ್ಲ. ಅಜ್ಜಿ ಒಮ್ಮೆ ನಕ್ಕಳು, ಆಮೇಲೆ ಅಕ್ಕನ ಸೆರಗಿನಲ್ಲೇ ಕಣ್ಣೊರೆಸಿಕೊಂಡಳು. ಬ್ರೋಕರಿನತ್ತ ತಿರುಗಿ, "ಆಷಾಢ ಕಳೀತು ಕಣ್ಲಾ, ಬರ್ಕೊ" ಎಂದಳು.

ಬೆಲೆ ಎಷ್ಟಕ್ಕೆ ಇಳಿಯಿತೆಂದು ಬಸ್ಸಿನಲ್ಲಿ ಕೇಳಿದೆ. ಇಳಿದೇ ಇರಲಿಲ್ಲ. "ಮತ್ತೆ ಅಷ್ಟು ಹೊತ್ತು ಏನು ಮಾತಾಡಿದೆ?"

"ನಾನು ಬರೋವರೆಗೂ ನೀವೇ ಇರಿ, ಬಂದ ಮೇಲೂ ಇರಿ ಅಂದೆ. ಡ್ಯೂಟಿ ಮುಗಿಸಿ ಬಂದು ನಾನೇ ಬೀಗ ತೆಗೆದೂ ತೆಗೆದೂ ಸಾಕಾಗಿದೆ ಕಣೋ."

ನೋಂದಣಿಯ ದಿನವೂ ಬ್ರೋಕರಿಗೆ ಸಮಾಧಾನವಿರಲಿಲ್ಲ. "ಕರೂನೂ ಸೇರ್ಸಿ ಅಸ ಮಾರಿವ್ನಿ ಸಾ. ಅಜ್ಜೀನೂ ಸೇರ್ಸಿ ಮನೆ ಮಾರಿದ್ದು ಇದೇ ಮೊದ್ಲು" ಎಂದು ಗೊಣಗಿ, ಕಮಿಷನ್ ಜೇಬಿಗಿಟ್ಟು ಹೋದ.

ಮುಂದಿನ ರಜಕ್ಕೆ ಅಕ್ಕ ನಮ್ಮ ಮನೆಗೆ ಬರಲಿಲ್ಲ. ನೇರ ಚನ್ನರಾಯಪಟ್ಟಣಕ್ಕೆ ಬಸ್ಸು ಹತ್ತಿದಳು. ವಿಮಾನ ನಿಲ್ದಾಣಕ್ಕೆ ಹೋಗಿದ್ದ ನಾನೂ ಸೂಟ್‌ಕೇಸು ಹೊತ್ತು ಜೊತೆಗೆ ಹೋದೆ. ನಾವು ಬಾಗಿಲು ತಟ್ಟುವ ಮೊದಲೇ ಅಜ್ಜಿ ತೆಗೆದು, "ಇಷ್ಟೊತ್ತಾ ಮಗಾ ಬರಾದು? ಸಾರು ಆರೋಯ್ತು" ಎಂದು ರೇಗಿದಳು. ಬೈಸಿಕೊಂಡ ಅಕ್ಕನ ಮುಖ ಅರಳಿತು. ಊಟವಾದ ಮೇಲೆ ಸೀರೆಗಳನ್ನೆಲ್ಲ ಬೀರುವಿನಲ್ಲಿ ಜೋಡಿಸಿ, ಖಾಲಿ ಸೂಟ್‌ಕೇಸನ್ನು ನನ್ನ ಕೈಲಿ ಅಟ್ಟಕ್ಕೆ ಹಾಕಿಸಿದಳು.

ಮಾರನೆಯ ದಿನ ನಾನು ಚೀಲ ಹಿಡಿದು ಹೊರಟೆ. ಅಕ್ಕ ಬಾಗಿಲವರೆಗೂ ಬಂದಳು. ಅವಳು ಹೇಳಿದ್ದು ಕೇಳಿ ನನಗೆ ಚೂರು ನೋವಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು.

"ಇನ್ನೆರಡು ದಿನ ಇದ್ದು ಹೋಗೋ."