ಪೂಜೆಗೆ ಕೂತ ಸ್ಕಾಟ್ಲೆಂಡ್

ಪರದೇಶದಲ್ಲಿ ನಾವಿರುವ ಎಲಿಕಾಟ್ ಸಿಟಿಯ ಲೈಬ್ರರಿಯ ಹಳೆ ಪುಸ್ತಕಗಳ ಸೇಲ್‌ನಲ್ಲಿ ಒಬ್ಬ ಸ್ಕಾಟಿಷ್ ಕವಿ-ಕಾದಂಬರಿಕಾರನ ಸಮಗ್ರ ಸಂಪುಟಗಳ ರಟ್ಟಿನ ವಾಸನೆ ಮೂಗಿಗೆ ತಾಗಿದ್ದೇ ತಡ, ನನಗೆ ಆಕಳಿಕೆ ಬಂತು.

ನಾನು ಚಿಕ್ಕವಳಿದ್ದಾಗ ಮೈಸೂರಿನಲ್ಲಿ ಅಪ್ಪ ದಿನಾ ಸಂಜೆ ನಮ್ಮನ್ನು ಕೂರಿಸಿ ಅವನ್ನೇ ಓದಿ, ಕನ್ನಡದಲ್ಲಿ ಅರ್ಥ ಹೇಳುತ್ತಿದ್ದರು. ಕಾದಂಬರಿಯಾದರೆ ವೀರ ಕುದುರೆ ಹತ್ತಲು ನಲವತ್ತು ಪುಟ. ಕಾವ್ಯವಾದರೆ ಅವನು ಬೆಟ್ಟ ಇಳಿಯುವುದೇ ಇಲ್ಲ. ಬೇಸತ್ತ ನಾನು ಸರಸ್ವತಿ ಪೂಜೆಗೆ ಅಷ್ಟೂ ಸಂಪುಟ ಇಟ್ಟುಬಿಟ್ಟೆ. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಯಾರೂ ತೆರೆಯುವಂತಿಲ್ಲ.

ಮರುದಿನ ಸಂಜೆಯೇ ಅಜ್ಜಿ ಅಪ್ಪನ ಮುಂದೆ ಚಡಪಡಿಸಿದರು: “ಅಲ್ವೋ, ಆ ಕಥೆ ಹುಡುಗಿ ಇನ್ನೂ ಕೋಟೇಲೇ ಸಿಕ್ಕಿಹಾಕ್ಕೊಂಡಿದಾಳೆ. ಬಾಯಲ್ಲಾದ್ರೂ ಹೇಳೋ!”

ಅಪ್ಪ ಹೇಳಿದರು, ಪುಸ್ತಕಕ್ಕಿಂತ ಉದ್ದವಾಗಿ.

ಇಂದು ಸೇಲ್‌ನಲ್ಲಿದ್ದ ಅಷ್ಟೂ ಸಂಪುಟ ಕೊಂಡು, ಸೊಂಟ ಹಿಡಿದುಕೊಂಡು ಕಾರಿಗೆ ತುಂಬಿದೆ.

“ಅಮ್ಮಾ, ನೀನು ಇದೆಲ್ಲಾ ನಂಗೆ ಓದ್ತೀಯಾ? ಲೈಕ್, ಎವ್ರಿ ಡೇ?” ಎಂದು ಮಗಳು ಗಾಬರಿಯಾದಳು.

ಹೌದೆಂದೆ. ಸರಸ್ವತಿ ಪೂಜೆಯ ನಿಯಮ ಮಾತ್ರ ಅವಳಿಗೆ ಹೇಳಲಿಲ್ಲ.