ಬಾಗಿಲಾಚೆ ಕಾಯುವ ಲೋಟದಕ್ಕ

ಕಿಟಕಿಯ ಗಾಜಿಗೆ ಬೆಳಕು ಇನ್ನೂ ತಾಕಿಲ್ಲ. ಆಸ್ಪತ್ರೆಯ ಮೊದಲ ಮಹಡಿಯ ಕೊನೆಯ ವಾರ್ಡಿನಲ್ಲಿ ಹೆಂಗಸೊಬ್ಬರು ಪ್ಲಾಸ್ಟಿಕ್ ಕ್ಯಾನಿಗೆ ಬಿಳಿ ಪುಡಿ ಸುರಿದು, ನೀರು ತುಂಬಿ, ಮುಚ್ಚಳ ಬಿಗಿದು ಕುಲುಕುತ್ತಿದ್ದಾರೆ. ಇದು ಕರುಳು ತೊಳೆಯುವ ಔಷಧಿ. ಬೆಳಗಾದ ಮೇಲೆ ವೈದ್ಯರು ಇಲ್ಲಿ ಮಲಗಿರುವವರ ದೊಡ್ಡ ಕರುಳಿಗೆ ಕ್ಯಾಮೆರಾ ಇಳಿಸಿ, ಕ್ಯಾನ್ಸರ್ ಇದೆಯೇ, ಮುಂದೆ ಕ್ಯಾನ್ಸರ್ ಆಗಬಲ್ಲ ಗಂಟು ಇದೆಯೇ ಎಂದು ನೋಡುತ್ತಾರೆ. ಕರುಳು ಖಾಲಿಯಾಗದಿದ್ದರೆ ಕ್ಯಾಮೆರಾಕ್ಕೆ ಏನೂ ಕಾಣದು. ಖಾಲಿ ಮಾಡಿಸುವುದು ಇವರ ಕೆಲಸ.

ಔಷಧಿಯ ರುಚಿ ಉಪ್ಪು ಬೆರೆಸಿದ ಸೋಪಿನ ನೀರಿನದು. ಮುಖ ಸಿಂಡರಿಸದೆ ಕುಡಿದವರಿಲ್ಲ. ಅದಕ್ಕೇ ಇವರು ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು, ತಾವೂ ಒಂದು ಲೋಟ ಬರಿ ನೀರು ಹಿಡಿದು ಕೂರುತ್ತಾರೆ. ನೀವೊಂದು ಗುಟುಕು, ನಾನೊಂದು ಗುಟುಕು. ಹೀಗಾಗಿ ಇಡೀ ಆಸ್ಪತ್ರೆಗೆ ಇವರು ಲೋಟದಕ್ಕ. ದಿನಕ್ಕೆ ಏಳೆಂಟು ಜನ ಬಂದರೆ ಮಧ್ಯಾಹ್ನದ ಹೊತ್ತಿಗೆ ಶೌಚಾಲಯಕ್ಕೆ ಅಕ್ಕನದೇ ಓಡಾಟ ಜಾಸ್ತಿ ಎಂದು ನರ್ಸುಗಳು ರೇಗಿಸುತ್ತಾರೆ.

ಕೆಲಸದ ಉಳಿದರ್ಧದ ಬಗ್ಗೆ ಯಾರೂ ರೇಗಿಸುವುದಿಲ್ಲ. ರೋಗಿ ಫ್ಲಶ್ ಮಾಡುವ ಮುನ್ನ ಅಕ್ಕ ಶೌಚಾಲಯದ ಒಳಗೆ ಹೋಗಿ ನೋಡಬೇಕು. ತಿಳಿ ಹಳದಿ ನೀರು ಬಂದಿದ್ದರೆ ಪರೀಕ್ಷೆಗೆ ಸಿದ್ಧ, ಕದಡಿದ್ದರೆ ಮತ್ತೆ ಕುಡಿಸಬೇಕು.

“ಏನು ಕೆಲಸ ಅಂತ ಯಾರಾದ್ರೂ ಕೇಳಿದ್ರೆ ಆಸ್ಪತ್ರೇಲಿ ಅಂತೀನಿ, ಅಷ್ಟೆ. ಊಟಕ್ಕೆ ಕೂತವರ ಮುಂದೆ ಇನ್ನೇನು ಹೇಳೋದು?” ಎನ್ನುತ್ತಾರೆ.

ವಾರ್ಡಿನ ಗೋಡೆಗೆ ಬಣ್ಣದ ಪಟವೊಂದನ್ನು ಅಂಟಿಸಿದ್ದಾರೆ. ತೌಡು ತೆಗೆಯದ ಧಾನ್ಯ, ಬೇಳೆಕಾಳು, ಸೊಪ್ಪು, ತರಕಾರಿ ತಿನ್ನಿ. ಕೆಂಪು ಮಾಂಸ ಮಿತವಾಗಿರಲಿ, ಉಪ್ಪು ಹಾಕಿ ಹೊಗೆಯಾಡಿಸಿ ಕೆಡದಂತೆ ಮಾಡಿದ ಮಾಂಸವಂತೂ ಆದಷ್ಟು ಬೇಡ. ಕುಡಿತ ತಗ್ಗಿಸಿ, ತಂಬಾಕು ಬಿಡಿ, ಮೈತೂಕ ಏರಗೊಡಬೇಡಿ, ಕೂತಲ್ಲೇ ಕೂರಬೇಡಿ. ಅಕ್ಕನ ಬಗ್ಗೆ ಬರೆಯಲು ಬಂದಿರುವ ನಾನು ನನ್ನ ಹೊಟ್ಟೆ ನೋಡಿಕೊಂಡು ಪಟಕ್ಕೆ ಬೆನ್ನು ಹಾಕಿ ಕೂರುತ್ತೇನೆ. ಹೀಗೆ ಬದುಕಿದರೆ ದೊಡ್ಡ ಕರುಳಿನ ಕ್ಯಾನ್ಸರಿನ ಅಪಾಯ ಕಡಿಮೆ ಎಂದು ಕೆಳಗೆ ಬರೆದಿದೆ. ಕಾಯಿಲೆ ಬರುವುದೇ ಇಲ್ಲವೆಂದು ಎಲ್ಲೂ ಬರೆದಿಲ್ಲ. ಆದರೆ ಮನುಷ್ಯನಿಗೆ ಬೇಕಾದುದು ಅದೇ ಭರವಸೆ ತಾನೆ?

ಅಕ್ಕನ ದೊಡ್ಡ ತಮ್ಮನೂ ಹಾಗೇ ನಂಬಿದ್ದ. ಬಟ್ಟೆ ಹೊಲಿಯುವ ಕಸುಬು, ದಿನವಿಡೀ ಕೂತಿರಬೇಕು. ಪಟದ ಮಾತನ್ನು ಅಕ್ಕ ಮನೆಗೆ ಒಯ್ದಾಗ ಕಿವಿಗೊಟ್ಟವನು ಅವನೊಬ್ಬನೇ. ಅಂಗಡಿ ತೆರೆಯುವ ಮುನ್ನ ಊರೆಲ್ಲ ನಡೆಯುತ್ತಿದ್ದ, ತಟ್ಟೆಯ ಅರ್ಧ ತರಕಾರಿಯೇ. ಒಮ್ಮೆ ಮಲದಲ್ಲಿ ರಕ್ತ ಕಂಡಿತು. ಅಕ್ಕ ಇದೇ ವಾರ್ಡಿಗೆ ಕರೆತಂದು, ಪಕ್ಕದಲ್ಲಿ ಕೂತು ಕುಡಿಸಿದರು. ಎಲ್ಲ ತಿಳಿಯಾಗಿದೆ ಎಂದು ಅವನು ಶೌಚಾಲಯದ ಒಳಗಿಂದಲೇ ಹೇಳಿ ಫ್ಲಶ್ ಮಾಡಿದ. ಒಡಹುಟ್ಟಿದ ಅಕ್ಕ ಬಂದು ಅದನ್ನು ನೋಡುವುದೆಂದರೆ ಅವನಿಗೆ ನಾಚಿಕೆ, ಇವರಿಗೂ ಮುಜುಗರ. ಸಿದ್ಧವಾಗಿದ್ದಾನೆ ಎಂದು ಒಳಗೆ ಕಳಿಸಿಬಿಟ್ಟರು.

ಕರುಳಿನ ಒಂದು ಭಾಗ ಕಾಣಲಿಲ್ಲ. ಬೇಗ ಇನ್ನೊಮ್ಮೆ ಬಂದು ಪರೀಕ್ಷೆ ಮಾಡಿಸಿಕೊಳ್ಳಿ ಎಂದು ವೈದ್ಯರು ಹೇಳಿದರು. ಬೀಡಿ ಸೇದದ, ಕುಡಿಯದ, ದಿನಾ ನಡೆಯುವ ತನಗೇನು ಬಂದೀತು ಎಂದು ತಮ್ಮ ನಕ್ಕ. ಅಕ್ಕನೂ ಪಟವನ್ನು ನಂಬಿ ಸುಮ್ಮನಾದರು. ಮುಂದೆ ಅವನು ಬಂದಾಗ ಕಾಯಿಲೆ ಯಕೃತ್ತಿಗೆ ಹಬ್ಬಿತ್ತು. ಕಳೆದ ವರ್ಷ ತೀರಿಕೊಂಡ.

“ಸಾವಿರಾರು ಜನರದ್ದು ನೋಡಿದ್ದೆ, ಅವನೊಬ್ಬಂದು ನೋಡ್ಲಿಲ್ಲ” ಎನ್ನುತ್ತಾರೆ ಅಕ್ಕ.

ಈಗ ಉಳಿದಿರುವವನು ಚಿಕ್ಕ ತಮ್ಮ. ಸರಕಿನ ವ್ಯಾನು ಓಡಿಸುತ್ತಾನೆ. ದಾರಿಯಲ್ಲಿ ಸಿಕ್ಕಿದ್ದು ತಿನ್ನುವುದು, ಸಿಗರೇಟು, ಸಂಜೆಗೊಂದು ಬಾಟಲಿ. ಒಡಹುಟ್ಟಿದವರಿಗೆ ಬಂದಿದ್ದರೆ ಅಪಾಯ ಹೆಚ್ಚು, ಪರೀಕ್ಷೆ ಮಾಡಿಸಲೇಬೇಕು ಎಂದು ವೈದ್ಯರು ಹೇಳಿದ್ದಾರೆ. ಅಕ್ಕ ತಾವೂ ಪರೀಕ್ಷೆ ಮಾಡಿಸಿಕೊಂಡರು, ಏನೂ ಇರಲಿಲ್ಲ. ಚಿಕ್ಕವನು ಮಾತ್ರ ವರ್ಷವಿಡೀ ಮೀನಮೇಷ ಎಣಿಸಿದ. ಸೊಪ್ಪು ತಿಂದ ಅಣ್ಣನೇ ಹೋದ ಮೇಲೆ ತಾನೇಕೆ ಬಾಯಿ ಕಟ್ಟಬೇಕು ಎಂಬುದು ಅವನ ವಾದ. ಅದಕ್ಕೆ ಅಕ್ಕನ ಉತ್ತರ ಇಷ್ಟೇ:

“ಬೀಗ ಹಾಕಿದ ಮನೆಗೂ ಕಳ್ಳ ನುಗ್ತಾನೆ ಕಣೋ. ಹಾಗಂತ ಯಾರಾದ್ರೂ ಬಾಗಿಲು ತೆಗೆದಿಟ್ಟು ಮಲಗ್ತಾರಾ?”

ಅಕ್ಕ ಅತ್ತೂ ಕರೆದೂ ಒಪ್ಪಿಸಿದ್ದಾರೆ. ಇವತ್ತು ಅವನು ಕಿಟಕಿಯ ಪಕ್ಕದ ಹಾಸಿಗೆಯಲ್ಲಿದ್ದಾನೆ. ಕಲ್ಲು ತಿಂದು ಅರಗಿಸಿಕೊಳ್ಳುತ್ತೇನೆ ಎನ್ನುವ ಆಳು ಔಷಧಿಗೆ ಮಗುವಿನಂತೆ ಮೂಗು ಮುಚ್ಚಿಕೊಳ್ಳುತ್ತಾನೆ. ನಾಲ್ಕು ಸಲ ಶೌಚಾಲಯಕ್ಕೆ ಹೋಗಿ ಬಂದಿದ್ದಾನೆ. ಐದನೆಯ ಸಲ ಒಳಗಿಂದ ದನಿ ಬರುತ್ತದೆ, ಎಲ್ಲ ತಿಳಿಯಾಗಿದೆಯಂತೆ. ಅಕ್ಕ ಎದ್ದು ಬಾಗಿಲಿಗೆ ಕೈಯಿಡುತ್ತಾರೆ.

“ಫ್ಲಶ್ ಮಾಡ್ಬೇಡ. ಹೊರಗೆ ಬಾ.”

“ನಾಚಿಕೆ ಆಗಲ್ವಾ ನಿಂಗೆ? ನೀನು ನನ್ನಕ್ಕ.”

“ಆಗತ್ತೆ. ಬಾ ಹೊರಗೆ.”

ಬಹಳ ಹೊತ್ತಾದ ಮೇಲೆ ಚಿಲಕ ಸರಿಯುತ್ತದೆ. ತಮ್ಮ ತಲೆ ತಗ್ಗಿಸಿಕೊಂಡು, ನಮ್ಮಿಬ್ಬರನ್ನೂ ನೋಡದೆ ಹಾಸಿಗೆಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗುತ್ತಾನೆ. ಅಕ್ಕ ಒಳಗೆ ಹೋಗಿ ಬರುತ್ತಾರೆ. ತಿಳಿಯಾಗಿಲ್ಲ. ಕ್ಯಾನು ಎತ್ತಿ ಅವನಿಗೊಂದು ಲೋಟ ಬಗ್ಗಿಸುತ್ತಾರೆ, ತಮಗೊಂದು ಲೋಟ ನೀರು. ಇನ್ನು ಜನ್ಮದಲ್ಲಿ ನಿನ್ನ ಮನೆ ಮೆಟ್ಟಿಲು ಹತ್ತುವುದಿಲ್ಲ ಎಂದು ಅವನು ಗೋಡೆಗೇ ಹೇಳುತ್ತಾನೆ, ಆದರೆ ಲೋಟಕ್ಕೆ ಕೈ ಚಾಚುತ್ತಾನೆ.

ನಿಮ್ಮ ಆಸೆಯೇನು ಎಂದು ನಾನು ಮೆಲ್ಲಗೆ ಕೇಳುತ್ತೇನೆ. ಅಕ್ಕ ತಮ್ಮನ ಬೆನ್ನಿನಿಂದ ಕಣ್ಣು ತೆಗೆಯುವುದಿಲ್ಲ.

“ಈ ಕೋಪ ಇಟ್ಕೊಂಡೇ ಇವನು ಮುದುಕ ಆಗ್ಲಿ.”