ಸುಣ್ಣ ಬಳಿಯಲು ಮುಚ್ಚಿದ ಮೂರು ದಿನ

ನಮ್ಮ ರೇಡಿಯೋ ಕೇಂದ್ರದ ಅಧ್ಯಕ್ಷರು ಗಡಿಯಾಚೆ ಮಹಾರಾಷ್ಟ್ರದ ಉಮರ್ಗಾ ಪೇಟೆಯ ಬಟ್ಟೆ ವ್ಯಾಪಾರಿ. ಊರೆಲ್ಲ ಅವರನ್ನು ಸಾವಕಾರರು ಎನ್ನುತ್ತಿತ್ತು. ನಾನೂ ಬಾಯಲ್ಲಿ ಹಾಗೇ ಕರೆಯುತ್ತಿದ್ದೆ, ಮನಸ್ಸಿನಲ್ಲಿ ಏನು ಕರೆಯುತ್ತಿದ್ದೆ ಎನ್ನುವುದು ಬೇಡ. ರೇಡಿಯೋ ಎಂದರೆ ಅವರಿಗೆ ತಮ್ಮ ಭಾಷಣ ಹೊರಬೀಳುವ ಡಬ್ಬಿ, ವೆಬ್‌ಸೈಟ್ ಎಂದರೆ ತಮ್ಮ ಫೋಟೋ ತೂಗುಹಾಕುವ ಗೋಡೆ. ಲಾತೂರ ಭೂಕಂಪದ ಪರಿಹಾರ ಕೆಲಸಕ್ಕೆಂದು ಬಂದು ಬೇರೂರಿದ್ದ ಸಂಸ್ಥೆಯೊಂದು ಬಹಳ ವರ್ಷಗಳ ಮೇಲೆ ಶುರು ಮಾಡಿದ ಕೇಂದ್ರ ಅದು. ಸಂಸ್ಥೆಯವರು ಹೊರಟು ಹೋದರು, ಸಾವಕಾರರು ಕುರ್ಚಿಯಲ್ಲಿ ಉಳಿದರು.

ದಿನವೆಲ್ಲ ಮರಾಠಿ, ಬೆಳಿಗ್ಗೆ ಒಂದು ತಾಸು ಕನ್ನಡ. ಬಸವಕಲ್ಯಾಣದ ಕಡೆಯಿಂದ ಸೊಸೆಯಾಗಿ ಬಂದ ನನಗೆ ಆ ಒಂದು ತಾಸು ಸಿಕ್ಕಿತ್ತು, ಜೊತೆಗೆ ವೆಬ್‌ಸೈಟು. ನಮ್ಮ ರೇಡಿಯೋ ಕಂಬದ ದನಿ ನಿಲಂಗಾ ಮುಟ್ಟುವಷ್ಟರಲ್ಲಿ ಗರಗರ ಎನ್ನುತ್ತಿತ್ತು, ಉದಗೀರಕ್ಕಂತೂ ಹೋಗುತ್ತಲೇ ಇರಲಿಲ್ಲ. ದೂರದವರಿಗೆ ವೆಬ್‌ಸೈಟೇ ಗತಿ. ಅಲ್ಲಿ ಜನ ಹೆಚ್ಚು ತೆರೆಯುತ್ತಿದ್ದ ಪುಟ ಹಾಡಿನದಲ್ಲ, ಸಾವಕಾರರ ಭಾಷಣದ್ದಂತೂ ಅಲ್ಲವೇ ಅಲ್ಲ. ಅದು ಮಣ್ಣಿನ ಸುದ್ದಿಯದು. ಯಾರು ತೀರಿಕೊಂಡರು, ಮಣ್ಣು ಎಷ್ಟು ಗಂಟೆಗೆ. ಬೆಳಿಗ್ಗೆ ಎಂಟಕ್ಕೆ ರೇಡಿಯೋದಲ್ಲಿ ಓದುವುದು, ಎಂಟೂ ಕಾಲಿಗೆ ಪುಟಕ್ಕೆ ಹಾಕುವುದು ನನ್ನ ಕೆಲಸ.

ಆ ಪುಟವನ್ನು ನೆಚ್ಚಿಕೊಂಡವಳೊಬ್ಬಳು ಉದಗೀರದಲ್ಲಿದ್ದಳು. ಉಮರ್ಗಾದ ಹಳೆಯ ಕಾಳಿನ ವ್ಯಾಪಾರಿಯೊಬ್ಬರ ಮಗಳು. ಬೇರೆ ಜಾತಿಯವನನ್ನು ಮದುವೆಯಾದಂದಿನಿಂದ ತವರಿನವರು ಆಕೆಯ ಹೆಸರು ಎತ್ತುತ್ತಿರಲಿಲ್ಲ. ಅಪ್ಪ ಹಾಸಿಗೆ ಹಿಡಿದ ಸುದ್ದಿ ಹೇಗೋ ಕಿವಿಗೆ ಬಿದ್ದು, ಒಂದು ದಿನ ನನಗೆ ಫೋನ್ ಮಾಡಿದಳು.

"ಅಕ್ಕಾ, ಮನ್ಯಾಗಿನವರು ಯಾರೂ ನನಗ ಹೇಳೂದಿಲ್ಲ. ನಿಮ್ಮ ಪುಟಾನೇ ದಿನಾ ನೋಡ್ತೀನಿ. ಕೂಡಿಸಿಕೊಂಡು ಒಯ್ತಾರಲ್ಲ, ರಸ್ತಾದಾಗ ನಿಂತರ ಅಪ್ಪನ ಮಾರಿ ಕಾಣ್ತದ. ನನಗ ಅಷ್ಟೇ ಸಾಕ್ರಿ."

ನಮ್ಮಲ್ಲಿ ಹೆಣವನ್ನು ಮಲಗಿಸಿ ಒಯ್ಯುವುದಿಲ್ಲ. ವಿಮಾನ ಕಟ್ಟಿ, ಬದುಕಿದ್ದವರಂತೆ ಕೂಡಿಸಿ, ವಿಭೂತಿ ಹಚ್ಚಿ, ಮುಖ ತೆರೆದಿಟ್ಟು ಪೇಟೆಯಲ್ಲಿ ಮೆರವಣಿಗೆ ಮಾಡುತ್ತಾರೆ. ಮೂಲೆಯಲ್ಲಿ ನಿಂತು ನೋಡುವವರನ್ನು ಯಾರೂ ತಡೆಯಲಾರರು. ಆಕೆಯ ನಂಬರನ್ನು ಕಂಪ್ಯೂಟರಿನ ಪಕ್ಕದ ಗೋಡೆ ಕ್ಯಾಲೆಂಡರಿನ ಅಂಚಿನಲ್ಲಿ ಬರೆದು, ಮುಂದೆ 'ಉದಗೀರ, ಅಪ್ಪ' ಎಂದು ಗುರುತು ಹಾಕಿಕೊಂಡೆ.

ಅದೇ ತಿಂಗಳು ಸಾವಕಾರರಿಗೆ ವೆಬ್‌ಸೈಟಿನ ರೂಪ ಬದಲಿಸುವ ಹುಕಿ ಬಂತು. ಲಾತೂರಿನಲ್ಲಿ ಯಾರದೋ ಅಂಗಡಿಯ ವೆಬ್‌ಸೈಟ್ ಮಿಂಚುತ್ತಿದ್ದುದನ್ನು ನೋಡಿ ಬಂದಿದ್ದರು. ಹೊಸದನ್ನು ಪಕ್ಕದಲ್ಲಿ ಬೇರೆಯಾಗಿ ಕಟ್ಟೋಣ, ಎಲ್ಲ ಸರಿಯಿದೆ ಎಂದಾದ ಮೇಲೆ ಹಳೆಯದನ್ನು ತೆಗೆದು ಅದನ್ನಿಡೋಣ, ನೋಡುವವರಿಗೆ ಒಂದು ನಿಮಿಷವೂ ತೊಂದರೆಯಾಗುವುದಿಲ್ಲ ಎಂದೆ. ನನ್ನ ಅತ್ತೆಯ ಮನೆಯವರು ಭೂಕಂಪದಲ್ಲಿ ನೆಲಸಮವಾದ ಸಾಸ್ತೂರಿನವರು. ಹೊಸ ಮನೆಗೆ ಛತ್ತು ಬೀಳುವ ತನಕ ಅವರು ತಗಡಿನ ಶೆಡ್ಡು ಬಿಟ್ಟಿರಲಿಲ್ಲ, ಅದನ್ನೂ ಹೇಳಿದೆ. ಕಲ್ಲಿನ ಮುಂದೆ ಹೇಳಿದ್ದರೆ ಅದಾದರೂ ತಲೆ ಆಡಿಸುತ್ತಿತ್ತೇನೋ.

"ತಂಗಿ, ಅರಿವಿ ಹೊರಗ ತೆಗೀಲಾರದ ದುಕಾನಕ್ಕ ಸುಣ್ಣ ಹ್ಯಾಂಗ ಬಳೀತಿ? ಮೂರು ದಿನ ಬಂದ್ ಇರಲಿ. ಮುಹೂರ್ತ ನೋಡಿ ತೆಗೀತೀನಿ" ಎಂದರು.

ದೀಪಾವಳಿಗೆ ಮುಂಚೆ ಪೇಟೆಯ ಅಂಗಡಿಗಳೆಲ್ಲ ಹಾಗೆಯೇ. ಮಾಲನ್ನು ಬೀದಿಗೆ ಸುರಿದು, ಸುಣ್ಣ ಬಳಿದು, ಪೂಜೆ ಮಾಡಿ ಬಾಗಿಲು ತೆರೆಯುವುದು. ಮೂವತ್ತು ವರ್ಷ ಸೀರೆ ಮಡಚಿದ ತಲೆಗೆ ಲೋಕದ ಎಲ್ಲವೂ ಅಂಗಡಿಯಂತೆಯೇ ಕಾಣುತ್ತದೆ. ಎಲ್ಲ ಪುಟಗಳನ್ನೂ ತೆಗೆಸಿದರು. ಅವುಗಳ ಜಾಗದಲ್ಲಿ ಕೈಮುಗಿದು ನಗುವ ತಮ್ಮ ಫೋಟೋ ಹಾಕಿಸಿ, ಕೆಳಗೆ 'ಲವಕರಚ್ ಯೇತ್ ಆಹೋತ್', ಬೇಗನೆ ಬರುತ್ತಿದ್ದೇವೆ, ಎಂದು ಬರೆಸಿದರು. ಮಣ್ಣಿನ ಸುದ್ದಿ ಹುಡುಕಿ ಬಂದವರಿಗೂ ಅದೇ ಫೋಟೋ, ಅದೇ ಮಾತು.

ಆ ಫೋಟೋದ ಅಡಿಗೆ ಆಯಾ ದಿನದ ಮಣ್ಣಿನ ಸುದ್ದಿಯನ್ನು ನಾಲ್ಕು ಸಾಲು ಹಾಕುವುದು ನನಗೆ ಐದು ನಿಮಿಷದ ಕೆಲಸ. ಹಾಕಲಿಲ್ಲ. ಅನುಭವಿಸಲಿ ಮುದುಕ ಎಂದುಕೊಂಡೆ. ಜನ ಫೋನ್ ಮಾಡಿ ಬೈದಾಗಲೆಲ್ಲ ಕ್ಯಾಲೆಂಡರಿನ ಮೇಲೆ ಒಂದೊಂದು ಗೀಟು ಎಳೆದೆ. ಮೊದಲ ದಿನವೇ ಹನ್ನೊಂದು ಗೀಟು. ಎಷ್ಟು ಖುಷಿಯಾಗಿತ್ತೆಂದರೆ, ಮನೆಗೆ ಹೋಗಿ ಅತ್ತೆಯ ಮುಂದೆ ಸಾವಕಾರರ ಮಾತಿನ ವರಸೆ ಮಾಡಿ ತೋರಿಸಿ ನಗಿಸಿದೆ.

ಎರಡನೆಯ ದಿನ ಬೆಳಿಗ್ಗೆ ಬಂದ ಮಣ್ಣಿನ ಸುದ್ದಿಯ ಚೀಟಿಯಲ್ಲಿ ಆ ಕಾಳಿನ ವ್ಯಾಪಾರಿಯ ಹೆಸರಿತ್ತು. ಮಣ್ಣು ಸಂಜೆ ನಾಲ್ಕಕ್ಕೆ. ಎಂಟಕ್ಕೆ ಓದಿದೆ. ಉದಗೀರದಿಂದ ನಿಲಂಗಾದ ಮೇಲಿಂದ ಬರುವ ಬಸ್ಸು ಹಿಡಿದರೆ ಮಧ್ಯಾಹ್ನದೊಳಗೆ ಬಂದು ಮುಟ್ಟಬಹುದಿತ್ತು. ಮರೆತಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಆಕೆ ನೆನಪಾದಳು. ಪುಟ ಮುಚ್ಚಿದ್ದು ನೋಡಿ ಆಕೆಯೇ ಫೋನ್ ಮಾಡುತ್ತಾಳೆ, ಆಗ ಫೋನನ್ನು ಸೀದಾ ಸಾವಕಾರರ ಕೈಗೆ ಕೊಡೋಣ, ಆ ಮಗಳ ದನಿಯನ್ನು ಅವರೇ ಕೇಳಲಿ, ಅವರೇ ಉತ್ತರ ಕೊಡಲಿ ಎಂದು ಲೆಕ್ಕ ಹಾಕಿದೆ. ಚಹಾ ತರಿಸಿಕೊಂಡು ಫೋನಿನ ಪಕ್ಕದಲ್ಲೇ ಕುಳಿತೆ.

ಹತ್ತಾಯಿತು, ಹನ್ನೆರಡಾಯಿತು. ಆಕೆಯ ಫೋನ್ ಬರಲಿಲ್ಲ. ನಾಲ್ಕಕ್ಕೆ ಸಾವಕಾರರು ಮಣ್ಣಿಗೆ ಹೋಗಿ ಬಂದರು. ಮುಖದಲ್ಲಿ ಎಷ್ಟು ಕಳೆ ಇತ್ತು, ನಿದ್ದೆ ಮಾಡಿದ ಹಾಗಿತ್ತು ಎಂದು ಹೇಳುತ್ತಾ ಕಾಲು ತೊಳೆದುಕೊಂಡರು.

ನಾಲ್ಕನೆಯ ದಿನ ಮುಹೂರ್ತ. ಕಂಪ್ಯೂಟರಿಗೆ ಹೂವಿನ ಮಾಲೆ ಹಾಕಿ, ತೆಂಗಿನಕಾಯಿ ಒಡೆದು, ನೀರು ಕೀಬೋರ್ಡಿನ ಮೇಲೆ ಸಿಡಿಸಿ ಸಾವಕಾರರು ಗುಂಡಿ ಒತ್ತಿದರು. ಅರ್ಧ ಪುಟಗಳು ತೆರೆಯಲೇ ಇಲ್ಲ. ತೆರೆದ ಪುಟದಲ್ಲಿ ನಾನು ಮೂರು ದಿನದ ಮಣ್ಣಿನ ಸುದ್ದಿಯನ್ನು ತಾರೀಖು, ಗಂಟೆ ಸಹಿತ ಒಪ್ಪವಾಗಿ ಜೋಡಿಸಿಟ್ಟೆ. ಕೆಲಸ ಅಂದರೆ ಹೀಗಿರಬೇಕು ಎಂಬ ಜಂಬ ಬೇರೆ.

ಅರ್ಧ ತಾಸಿನಲ್ಲಿ ಉದಗೀರದ ಫೋನ್ ಬಂತು. ಆಕೆ ಅಳುತ್ತಿರಲಿಲ್ಲ. ಬೇಗನೆ ಬರುತ್ತೇವೆ ಎಂದು ಬರೆದಿದ್ದರಲ್ಲ, ಕಾದೆ ಎಂದಳು. ನಾನು ಅವಸರದಿಂದ ಸಾವಕಾರರ ಹೆಸರು ಹೇಳತೊಡಗಿದೆ, ಅವರ ಸುಣ್ಣ, ಅವರ ಮುಹೂರ್ತ, ಎಷ್ಟು ಹೇಳಿದರೂ ಕೇಳಲಿಲ್ಲ ಎನ್ನುವುದು. ಆಕೆ ಪೂರ್ತಿ ಕೇಳಿಸಿಕೊಂಡಳು.

"ಖರೇ ಅದ್ರಿ. ಆದರ ನನ್ನ ನಂಬರ್ ನಿಮ್ಮ ಕಡಿ ಇತ್ತಲ್ಲ, ಅಕ್ಕಾ" ಎಂದು ಫೋನ್ ಇಟ್ಟಳು.

ಸಾವಕಾರರು ಪೇಢೆಯ ಡಬ್ಬಿ ಹಿಡಿದು ನನ್ನ ಮೇಜಿನ ಹತ್ತಿರ ಬಂದರು. ಕಣ್ಣು ತಪ್ಪಿಸಲು ಗೋಡೆಯ ಕಡೆ ತಿರುಗಿದೆ. ಕ್ಯಾಲೆಂಡರಿನ ಅಂಚಿನಲ್ಲಿ ಆಕೆಯ ನಂಬರಿತ್ತು. ಜಾಗ ಸಾಲದೆ, ಕೊನೆಯ ಗೀಟುಗಳನ್ನು ನಾನು ಅದರ ಮೇಲೆಯೇ ಎಳೆದಿದ್ದೆ.